ನ್ಯೂಟನ್‌ಗೆ ಒಂದು ನ್ಯಾಯ, ಜ್ಯೋತಿಷಿಗೆ ಇನ್ನೊಂದು ನ್ಯಾಯವೇ?

ಕಪ್ಪುಹಲಗೆ:
ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತೇನೆ. ಮೊನ್ನೆ ಗುರುತ್ವಾಕರ್ಷಣೆಯ ಪಾಠದಲ್ಲಿ ನೆಪ್ಚೂನ್ ಕಥೆ ಹೇಳಿದೆ. 1781ರಲ್ಲಿ ಹರ್ಷೆಲ್ ಯುರೇನಸ್ ಗ್ರಹವನ್ನು ಕಂಡ. ಕೆಲವು ದಶಕಗಳಲ್ಲೇ ಅದು ನ್ಯೂಟನ್ನನ ಲೆಕ್ಕ ಹೇಳುವ ಜಾಗದಲ್ಲಿ ಇರುವುದಿಲ್ಲ ಎಂಬುದು ಖಚಿತವಾಯಿತು. ಆಚೆ ಇನ್ನೊಂದು ಗ್ರಹ ಎಳೆಯುತ್ತಿರಬೇಕು ಎಂದು ಫ್ರಾನ್ಸಿನ ಲೆವೆರಿಯೆ ಲೆಕ್ಕ ಹಾಕಿ ಬರ್ಲಿನ್ ವೀಕ್ಷಣಾಲಯಕ್ಕೆ ಪತ್ರ ಬರೆದ. 1846ರ ಸೆಪ್ಟೆಂಬರ್ 23ರ ರಾತ್ರಿ ಗಾಲೆ ದೂರದರ್ಶಕ ತಿರುಗಿಸಿದಾಗ, ಹೇಳಿದ ಜಾಗದಿಂದ ಒಂದು ಡಿಗ್ರಿಯೊಳಗೆ ಹೊಸ ಗ್ರಹ ಸಿಕ್ಕಿತು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. "ಸರ್, ನಮ್ಮ ಚಿಕ್ಕಪ್ಪ ಜಾತಕ ನೋಡುತ್ತಾರೆ. ಹೇಳಿದ್ದು ತಪ್ಪಿದಾಗ ಜನ್ಮಸಮಯ ನಾಲ್ಕು ನಿಮಿಷ ಹೆಚ್ಚುಕಡಿಮೆ ಇರಬೇಕು ಎನ್ನುತ್ತಾರೆ. ಅದಕ್ಕೆ ನೀವು ನಕ್ಕಿರಿ. ನ್ಯೂಟನ್ ತಪ್ಪಿದಾಗ ಕಾಣದ ಗ್ರಹವೊಂದನ್ನು ತಂದರೆ ಚಪ್ಪಾಳೆ ತಟ್ಟಿಸಿದಿರಿ. ವ್ಯತ್ಯಾಸ ಏನು?"

"ಗ್ರಹ ಸಿಕ್ಕಿತಲ್ಲ" ಎಂದೆ. "ಸಿಗದಿದ್ದರೆ ನ್ಯೂಟನ್ನನನ್ನು ಬಿಡುತ್ತಿದ್ದರೇ?" ಎಂದ. ಅಷ್ಟರಲ್ಲಿ ಬೆಲ್ ಹೊಡೆಯಿತು. ಸೋಮವಾರ ಅವನಿಗೆ ಉತ್ತರ ಕೊಡಬೇಕು. ವೀಕ್ಷಣೆ, ಊಹೆ, ಪ್ರಯೋಗ, ತೀರ್ಮಾನ ಎಂದು ಪಠ್ಯಪುಸ್ತಕದ ಮೊದಲ ಅಧ್ಯಾಯವನ್ನೇ ಇಲ್ಲಿ ಒಪ್ಪಿಸಬೇಡಿ, ಅದು ನನ್ನ ಮೇಜಿನ ಮೇಲೂ ಇದೆ.

ನೇರಮಾತು:
ಇದರಲ್ಲಿ ಕಷ್ಟವೇನಿದೆ? ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ 1934ರಲ್ಲೇ ಹೇಳಿ ಮುಗಿಸಿದ್ದಾನೆ. ಎಷ್ಟು ಬಿಳಿ ಹಂಸಗಳನ್ನು ಕಂಡರೂ "ಎಲ್ಲ ಹಂಸಗಳೂ ಬಿಳಿ" ಎಂಬುದು ಸಾಬೀತಾಗುವುದಿಲ್ಲ. ಅದನ್ನು ಬೀಳಿಸಲು ಒಂದು ಕಪ್ಪು ಹಂಸ ಸಾಕು. ಹೀಗೆ ಬೀಳುವ ಅಪಾಯಕ್ಕೆ ತಲೆಯೊಡ್ಡುವುದು ವಿಜ್ಞಾನ, ಒಡ್ಡದೇ ಇರುವುದು ಜ್ಯೋತಿಷ್ಯ. ಮುಗಿಯಿತು.

ಲೆಕ್ಕದಮನೆ:
ಹಾಗಾದರೆ ಯುರೇನಸ್ಸೇ ಆ ಕಪ್ಪು ಹಂಸ. ನಿಮ್ಮ ನಿಯಮವನ್ನು ಪಾಲಿಸಿದ್ದರೆ 1840ರಲ್ಲೇ ನ್ಯೂಟನ್ನನನ್ನು ಹೂಳಬೇಕಿತ್ತು, ನೆಪ್ಚೂನ್ ಹುಡುಕುವ ಕೆಲಸಕ್ಕೆ ಯಾರೂ ಕೈ ಹಾಕುತ್ತಿರಲಿಲ್ಲ. ಆ ಹುಡುಗ ಕೇಳಿದ್ದೂ ಅದನ್ನೇ. ಉತ್ತರಿಸುವ ಮೊದಲು ಪ್ರಶ್ನೆ ಓದಿ.

ನೇರಮಾತು:
ಓದಿದ್ದೇನೆ. ಯುರೇನಸ್ ನ್ಯೂಟನ್ನನ ನಿಯಮವನ್ನು ಸುಳ್ಳು ಮಾಡಲಿಲ್ಲ, ಏಳೇ ಗ್ರಹಗಳಿವೆ ಎಂಬ ನಂಬಿಕೆಯನ್ನು ಸುಳ್ಳು ಮಾಡಿತು.

ಲೆಕ್ಕದಮನೆ:
ಅದು ನಿಮಗೆ ಗೊತ್ತಾದದ್ದು 1846ರ ನಂತರ. 1845ರಲ್ಲಿ ಕುಳಿತು ಯೋಚಿಸಿ.

ಇಲ್ಲಿ ತರ್ಕ ಎಷ್ಟು ದೂರ ನಮ್ಮ ಜೊತೆ ಬರುತ್ತದೆ ಎಂಬುದನ್ನು ನೋಡಬೇಕು. "ಅ ಆದರೆ ಆ. ಆ ಇಲ್ಲ. ಆದ್ದರಿಂದ ಅ ಇಲ್ಲ." ಈ ಸರಪಳಿಯಲ್ಲಿ ಬಿರುಕಿಲ್ಲ. ಆದರೆ ಯುರೇನಸ್ಸಿನ ಸ್ಥಾನ ನ್ಯೂಟನ್ನನ ನಿಯಮವೊಂದರಿಂದಲೇ ಹೊರಡುವುದಿಲ್ಲ. ನಿಯಮ, ಗುರು ಮತ್ತು ಶನಿಯ ದ್ರವ್ಯರಾಶಿ, ಗ್ರಹಗಳ ಸಂಖ್ಯೆ, ದೂರದರ್ಶಕದ ನಿಖರತೆ, ಬೆಳಕು ವಾತಾವರಣದಲ್ಲಿ ಬಾಗುವ ಪ್ರಮಾಣ, ಲೆಕ್ಕ ಹಾಕಿದವನ ಕೈತಪ್ಪು ಇಲ್ಲದಿರುವುದು, ಇವೆಲ್ಲ ಸೇರಿದರೆ ಸ್ಥಾನ ಬರುತ್ತದೆ. ಸ್ಥಾನ ತಪ್ಪಿದಾಗ ತರ್ಕ ಹೇಳುವುದು "ಇವುಗಳಲ್ಲಿ ಕನಿಷ್ಠ ಒಂದು ಸುಳ್ಳು" ಎಂದು ಮಾತ್ರ. ಯಾವುದು ಎಂದು ಕೇಳಿದರೆ ತರ್ಕ ಬಾಯಿ ಬಿಡುವುದಿಲ್ಲ. ಫ್ರೆಂಚ್ ಭೌತಶಾಸ್ತ್ರಜ್ಞ ಪಿಯರ್ ದ್ಯುಯೆಮ್ 1906ರಲ್ಲಿ ಇದನ್ನು ಬಿಡಿಸಿ ಬರೆದ. ಪಾಪರ್ ಬರೆಯುವ ಹೊತ್ತಿಗೆ ಈ ತೊಡಕು ಎಲ್ಲರಿಗೂ ತಿಳಿದಿತ್ತು, ಪಾಪರ್‌ಗೂ.

ತೋಟದಮನೆ:
ನಮ್ಮ ಪಂಪ್‌ಸೆಟ್ ಓಡದಿದ್ದರೆ ಮೊದಲು ಫ್ಯೂಸ್ ನೋಡುತ್ತೇವೆ, ಆಮೇಲೆ ಸ್ಟಾರ್ಟರ್, ಆಮೇಲೆ ಮೋಟರ್. ಓಮ್‌ನ ನಿಯಮ ಕೆಟ್ಟುಹೋಗಿದೆ ಎಂದು ಲೈನ್‌ಮನ್‌ಗೆ ಫೋನ್ ಮಾಡಿದರೆ ಊರಿಡೀ ನಗುತ್ತದೆ. ಇದಕ್ಕೆ ಫ್ರೆಂಚ್ ಪಂಡಿತ ಬೇಕೇ?

ದೂರದೇಶಿ:
ನಗುವುದು ಸರಿ. ಆದರೆ ಎಂದಾದರೂ ಒಂದು ದಿನ ಕೆಟ್ಟಿರುವುದು ನಿಯಮವೇ ಆಗಿರುತ್ತದೆ, ಆಗಲೂ ಜನ ನಗುತ್ತಲೇ ಇರುತ್ತಾರೆ. ಅದೇ ಲೆವೆರಿಯೆಯ ಎರಡನೆಯ ಕಥೆ ಕೇಳಿ. ಕಪ್ಪುಹಲಗೆಯವರ ಶಿಷ್ಯ ತನಗೇ ತಿಳಿಯದಂತೆ ಅದನ್ನೇ ಕೇಳಿದ್ದಾನೆ.

ಬುಧನ ಕಕ್ಷೆಯಲ್ಲಿ ಸೂರ್ಯನಿಗೆ ಅತಿ ಸಮೀಪದ ಬಿಂದು ನಿಧಾನವಾಗಿ ಸರಿಯುತ್ತದೆ. ತಿಳಿದಿರುವ ಎಲ್ಲ ಗ್ರಹಗಳ ಸೆಳೆತವನ್ನು ಲೆಕ್ಕಕ್ಕೆ ಹಿಡಿದರೂ ಶತಮಾನಕ್ಕೆ 38 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೆಯ ಒಂದು ಭಾಗ) ಹೆಚ್ಚಾಗಿ ಉಳಿಯುತ್ತದೆ ಎಂದು ಲೆವೆರಿಯೆ 1859ರಲ್ಲಿ ತೋರಿಸಿದ. ನ್ಯೂಕೋಂಬ್ ಬಳಿಕ ಅದನ್ನು 43ಕ್ಕೆ ತಿದ್ದಿದ. ಲೆವೆರಿಯೆ ಹಿಂದಿನ ಸಲ ಗೆದ್ದ ದಾರಿಯನ್ನೇ ಹಿಡಿದ: ಬುಧನ ಒಳಗೆ ಇನ್ನೊಂದು ಗ್ರಹವಿರಬೇಕು. ಅದಕ್ಕೆ ವಲ್ಕನ್ ಎಂದು ಹೆಸರೂ ಬಿತ್ತು. ಲೆಸ್ಕಾರ್ಬೋ ಎಂಬ ಹಳ್ಳಿಯ ವೈದ್ಯ ಅದು ಸೂರ್ಯನ ಮುಂದೆ ಹಾದುಹೋಗುವುದನ್ನು ಕಂಡೆ ಎಂದ, ಅವನಿಗೆ ಲೀಜನ್ ಆಫ್ ಆನರ್ ಪದಕವೂ ಸಿಕ್ಕಿತು. 1878ರ ಸೂರ್ಯಗ್ರಹಣದಲ್ಲಿ ಅಮೆರಿಕದ ಇಬ್ಬರು ವೀಕ್ಷಕರು ತಮಗೂ ಕಂಡಿತು ಎಂದರು. ಗ್ರಹ ಮಾತ್ರ ಎಲ್ಲೂ ಇರಲಿಲ್ಲ. 1915ರ ನವೆಂಬರ್‌ನಲ್ಲಿ ಐನ್‌ಸ್ಟೈನ್ ಹೊಸ ಸಿದ್ಧಾಂತದಿಂದ ಆ 43 ಆರ್ಕ್‌ಸೆಕೆಂಡನ್ನು ಹೊರತೆಗೆದ. ಈ ಸಲ ಕೆಟ್ಟಿದ್ದು ಫ್ಯೂಸ್ ಅಲ್ಲ, ನಿಯಮ.

ಒಬ್ಬನೇ ವ್ಯಕ್ತಿ, ಒಂದೇ ಉಪಾಯ, ಒಂದೇ ತರ್ಕ. ಒಮ್ಮೆ ಗ್ರಹ ಸಿಕ್ಕಿತು, ಇನ್ನೊಮ್ಮೆ ಸಿಗಲಿಲ್ಲ. "ಸಿಗದಿದ್ದರೆ ನ್ಯೂಟನ್ನನನ್ನು ಬಿಡುತ್ತಿದ್ದರೇ?" ಎಂಬ ಪ್ರಶ್ನೆಗೆ ಇತಿಹಾಸದ ಉತ್ತರ ಇಷ್ಟು: ಇಲ್ಲ, ಐವತ್ತಾರು ವರ್ಷ ಬಿಡಲಿಲ್ಲ.

ಮಂಗಳಗ್ರಹ:
ಲೆವೆರಿಯೆ ಸತ್ತದ್ದು 1877ರ ಸೆಪ್ಟೆಂಬರ್ 23ರಂದು, ನೆಪ್ಚೂನ್ ಸಿಕ್ಕ ದಿನಾಂಕದಂದೇ. ನಮ್ಮ ಜ್ಯೋತಿಷಿಗಳು ಇದನ್ನು ಇನ್ನೂ ಬಳಸಿಕೊಂಡಿಲ್ಲ ಎಂಬುದು ಆಶ್ಚರ್ಯ.

ಲೆಕ್ಕದಮನೆ:
ದೂರದೇಶಿಯವರಿಗೆ ಒಂದು ಸೇರ್ಪಡೆ. ಆ ಐವತ್ತಾರು ವರ್ಷಗಳಲ್ಲಿ ನಿಯಮದ ಮೇಲೆಯೇ ಕೈ ಇಟ್ಟವರೂ ಇದ್ದರು. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ ಎಂಬುದು ನ್ಯೂಟನ್ನನ ನಿಯಮ. 1894ರಲ್ಲಿ ಆಸಫ್ ಹಾಲ್ ಆ ಘಾತವನ್ನು 2ರ ಬದಲು 2.00000016 ಎಂದು ಇಟ್ಟರೆ ಬುಧನ ಲೆಕ್ಕ ಸರಿಹೋಗುತ್ತದೆ ಎಂದ. ಸರಿಹೋಗುತ್ತದೆ ಕೂಡ. ಆದರೆ ಅದೇ ಸಂಖ್ಯೆಯನ್ನು ಚಂದ್ರನಿಗೆ ಹಾಕಿದರೆ ಚಂದ್ರ ಒಪ್ಪಲಿಲ್ಲ. ಇಂಥ ತೇಪೆಗಳಲ್ಲಿ ನನಗೆ ಇದರ ಮೇಲೆ ವಿಶೇಷ ಪ್ರೀತಿ, ಏಕೆಂದರೆ ಇದು ಪ್ರಾಮಾಣಿಕವಾಗಿ ಸತ್ತಿತು.

ಪಂಚಾಂಗಪ್ರಿಯ:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಒಟ್ಟಿನಲ್ಲಿ ನೀವೇ ಒಪ್ಪಿದಿರಿ: ವಿಜ್ಞಾನಿಗಳೂ ಸಿದ್ಧಾಂತವನ್ನು ಉಳಿಸಿಕೊಳ್ಳಲು ಇಲ್ಲದ ಗ್ರಹವನ್ನು ಅರ್ಧ ಶತಮಾನ ಕಾಲ ನಂಬಿದರು, ಕಂಡೆ ಎಂದವನಿಗೆ ಪದಕ ಕೊಟ್ಟರು. ನಾವು ಜನ್ಮಸಮಯ ಶೋಧನೆ ಮಾಡಿದರೆ ಮೂಢನಂಬಿಕೆಯೇ?

ನೇರಮಾತು:
ಬಂದರಪ್ಪ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಎಚ್. ನರಸಿಂಹಯ್ಯ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿದಾಗಲೂ ಇಂಥ ಮಾತುಗಳೇ ಬಂದವು.

ಪಂಚಾಂಗಪ್ರಿಯ:
ನಾನು ಪವಾಡದ ಮಾತು ಎತ್ತಿಲ್ಲ. ಪ್ರಶ್ನೆ ಕೇಳಿದ್ದೇನೆ, ಉತ್ತರ ಕೊಡಿ. ಸತ್ತವರ ಹೆಸರು ಹೇಳಿ ಹೆದರಿಸಬೇಡಿ.

ಶಾಲ್ಮಲಿ:
ಪಂಚಾಂಗಪ್ರಿಯರ ಪ್ರಶ್ನೆ ನ್ಯಾಯವಾದದ್ದು, ನೇರಮಾತು ಅವರ ಪ್ರತಿಕ್ರಿಯೆ ಅಲ್ಲ.

ಪಾಪರ್‌ನನ್ನು ಹಂಸದ ಮಟ್ಟಕ್ಕೆ ಇಳಿಸುವುದನ್ನು ನೋಡಿ ನನಗೆ ಬೇಸರವಾಗಿದೆ, ಅವನ ವಕಾಲತ್ತು ಸ್ವಲ್ಪ ವಹಿಸುತ್ತೇನೆ. ಯಾವ ಸಿದ್ಧಾಂತವನ್ನೂ ತೇಪೆ ಹಾಕಿ ಉಳಿಸಿಕೊಳ್ಳಬಹುದು, ಆದ್ದರಿಂದ ನಿರ್ಣಾಯಕ ಖಂಡನೆ ಎಂಬುದು ತರ್ಕದ ಬಲದಿಂದ ಮಾತ್ರ ಬರುವುದಿಲ್ಲ ಎಂದು ಅವನೇ ಬರೆದಿದ್ದಾನೆ. ಅದಕ್ಕೇ ಅವನು ತರ್ಕದ ಹೊರಗೆ ಆಟದ ನಿಯಮಗಳನ್ನು ಇಟ್ಟ. ಉಳಿಸಿಕೊಳ್ಳಲು ತಂದ ಹೊಸ ಊಹೆ ಸಿದ್ಧಾಂತವನ್ನು ಮೊದಲಿಗಿಂತ ಹೆಚ್ಚು ಪರೀಕ್ಷೆಗೆ ಒಡ್ಡುವಂತಿರಬೇಕು, ಕಡಿಮೆ ಒಡ್ಡುವಂತಿರಬಾರದು.

ಈಗ ಮೂರನ್ನೂ ಪಕ್ಕಪಕ್ಕ ಇಡಿ. ನೆಪ್ಚೂನ್ ಊಹೆ ಆಕಾಶದ ಒಂದು ಬಿಂದುವನ್ನು ತೋರಿಸಿತು. ಲೆವೆರಿಯೆಗೆ ಸಂಬಂಧವೇ ಇಲ್ಲದ ಬರ್ಲಿನ್‌ನವನೊಬ್ಬ ಅದನ್ನು ಒಂದೇ ರಾತ್ರಿಯಲ್ಲಿ ಪರೀಕ್ಷಿಸಬಹುದಿತ್ತು. ವಲ್ಕನ್ ಊಹೆಯೂ ಅಷ್ಟೇ ಧೈರ್ಯದ್ದು, ಪ್ರತಿ ಗ್ರಹಣದಲ್ಲೂ ಜನ ಹುಡುಕಿದರು. ಸೋತಿತು, ಆದರೆ ಸೋಲುವ ಸ್ಥಳದಲ್ಲಿ ನಿಂತು ಸೋತಿತು. ಲೆಸ್ಕಾರ್ಬೋಗೆ ಪದಕ ಕೊಟ್ಟರು ನಿಜ, ಆದರೆ ಪದಕ ಕೊಟ್ಟ ಮೇಲೂ ಹುಡುಕುವುದನ್ನು ನಿಲ್ಲಿಸಲಿಲ್ಲ. ಮೂರನೆಯದು ಜನ್ಮಸಮಯದ ಊಹೆ. "ಸಮಯ ತಪ್ಪಿರಬೇಕು" ಎಂದ ಮೇಲೆ ಅದನ್ನು ಜಾತಕದ ಹೊರಗಿನ ಯಾವ ಸಾಕ್ಷ್ಯದಿಂದ ಪರೀಕ್ಷಿಸುತ್ತೀರಿ? ಪರೀಕ್ಷಿಸುವಿರಾದರೆ ನೀವೂ ಲೆವೆರಿಯೆಯ ಸಾಲಿನಲ್ಲೇ ಕೂರಬಹುದು. ನಾನು ವ್ಯಂಗ್ಯವಾಡುತ್ತಿಲ್ಲ.

ಕಪ್ಪುಹಲಗೆ:
ಇದು ಸೋಮವಾರಕ್ಕೆ ಸಾಕಾಗುತ್ತದೆ ಎನಿಸುತ್ತಿದೆ. ಧನ್ಯವಾದ.

ದೂರದೇಶಿ:
ಸಾಕಾಗುವುದಿಲ್ಲ. ಹುಡುಗ ಚುರುಕಿದ್ದರೆ ಕೋಪರ್ನಿಕಸ್‌ನನ್ನು ಎತ್ತುತ್ತಾನೆ.

ಭೂಮಿ ಸೂರ್ಯನ ಸುತ್ತ ತಿರುಗುತ್ತಿದ್ದರೆ ಹತ್ತಿರದ ನಕ್ಷತ್ರಗಳು ವರ್ಷದುದ್ದಕ್ಕೂ ಅತ್ತಿತ್ತ ಸರಿದಂತೆ ಕಾಣಬೇಕು. ಟೈಕೊ ಬ್ರಾಹೆಯಂಥ ವೀಕ್ಷಕನಿಗೂ ಕಾಣಲಿಲ್ಲ. ಕೋಪರ್ನಿಕಸ್ ಪಕ್ಷದವರು ಕೊಟ್ಟ ಉತ್ತರವೇನು? "ನಕ್ಷತ್ರಗಳು ನೀವು ಊಹಿಸಿರುವುದಕ್ಕಿಂತ ಬಹಳ ದೂರ ಇವೆ." ಟೈಕೊ ತಿರುಗಿ ಕೇಳಿದ: ಅಷ್ಟು ದೂರವಿದ್ದೂ ಇಷ್ಟು ದಪ್ಪ ಕಾಣಬೇಕಾದರೆ ಒಂದೊಂದು ನಕ್ಷತ್ರವೂ ಎಂಥ ದೈತ್ಯ ಗಾತ್ರದ್ದಾಗಿರಬೇಕು? ಒಳ್ಳೆಯ ಪ್ರಶ್ನೆ. ನಕ್ಷತ್ರ ದಪ್ಪ ಕಾಣುವುದು ಬೆಳಕಿನ ಆಟ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ ಬೆಸೆಲ್ 61 ಸಿಗ್ನಿ ನಕ್ಷತ್ರದ ಪಲ್ಲಟವನ್ನು, ಅಂದರೆ ಹೀಗೆ ಸರಿದಂತೆ ಕಾಣುವುದನ್ನು, ಅಳೆದದ್ದು 1838ರಲ್ಲಿ. ಅದು ಒಂದು ಆರ್ಕ್‌ಸೆಕೆಂಡಿನ ಮೂರನೆಯ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಕೋಪರ್ನಿಕಸ್‌ನ ಗ್ರಂಥ ಬಂದದ್ದು 1543ರಲ್ಲಿ. ನಡುವೆ 295 ವರ್ಷ ಆ ತೇಪೆಗೆ ಸ್ವತಂತ್ರ ಪರೀಕ್ಷೆ ಇರಲಿಲ್ಲ. ಶಾಲ್ಮಲಿಯವರ ನಿಯಮದ ಪ್ರಕಾರ ಗೆಲಿಲಿಯೊ ಮತ್ತು ಕೆಪ್ಲರ್ ಇಬ್ಬರೂ ಆಟದ ನಿಯಮ ಮುರಿದವರು.

ಮಂಗಳಗ್ರಹ:
ಭೂಮಿಯ ಚಲನೆಗೆ ಸಾಕ್ಷ್ಯ 1838ರವರೆಗೂ ಕಾಯಲಿಲ್ಲ. 1728ರಲ್ಲಿ ಬ್ರಾಡ್ಲಿ ಇದೇ ಪಲ್ಲಟವನ್ನು ಹುಡುಕುತ್ತಾ ಬೆಳಕಿನ ವಿಪಥನವನ್ನು ಕಂಡ. ಚಲಿಸುವ ಭೂಮಿಯಿಂದ ನೋಡಿದಾಗ ನಕ್ಷತ್ರಗಳೆಲ್ಲ ಸುಮಾರು 20 ಆರ್ಕ್‌ಸೆಕೆಂಡ್ ವಾಲಿದಂತೆ ಕಾಣುತ್ತವೆ. ಹುಡುಕಿದ್ದು ಒಂದು, ಸಿಕ್ಕಿದ್ದು ಇನ್ನೊಂದು, ಎರಡೂ ಹೇಳಿದ್ದು ಭೂಮಿ ತಿರುಗುತ್ತದೆ ಎಂದೇ.

ದೂರದೇಶಿ:
ಸರಿ, 185 ವರ್ಷ. ಜ್ಯೋತಿಷಿಗೆ 185 ವರ್ಷ ಕೊಡುತ್ತೀರಾ?

ಶಾಲ್ಮಲಿ:
ಕೋಪರ್ನಿಕಸ್ ಪಕ್ಷ ಆ 185 ವರ್ಷ ಕೈಕಟ್ಟಿ ಕುಳಿತಿರಲಿಲ್ಲ. ಚಂದ್ರನಂತೆ ಶುಕ್ರನೂ ತೋರುವ ವೃದ್ಧಿಕ್ಷಯಗಳು, ಕೆಪ್ಲರ್‌ನ ನಿಯಮಗಳು, ನ್ಯೂಟನ್ನನ ಯಂತ್ರಶಾಸ್ತ್ರ, ಎಲ್ಲವೂ ಆ ಅವಧಿಯ ಫಸಲು. ಒಂದು ಸಾಲ ತೀರಿಸದೆ ಉಳಿದಿತ್ತು, ಬೇರೆ ಕಡೆ ಆದಾಯ ಬರುತ್ತಲೇ ಇತ್ತು. ವಿಜ್ಞಾನದ ತತ್ವಶಾಸ್ತ್ರಜ್ಞ ಲಕಾಟೋಶ್ ಹೇಳಿದ್ದು ಇದನ್ನೇ: ಒಂದು ಊಹೆಯನ್ನು ಒಂಟಿಯಾಗಿ ನಿಲ್ಲಿಸಿ ವಿಚಾರಣೆ ಮಾಡಬೇಡಿ, ಇಡೀ ಸಂಶೋಧನಾ ಪರಂಪರೆ ಮುಂದೆ ಹೋಗುತ್ತಿದೆಯೋ ನಿಂತಲ್ಲೇ ತೇಪೆ ಹಚ್ಚುತ್ತಿದೆಯೋ ನೋಡಿ.

ದೂರದೇಶಿ:
ಎಷ್ಟು ದಿನ ನೋಡಬೇಕು? ಗಡುವು ಹೇಳದ ನಿಯಮ ನಿಯಮವೇ ಅಲ್ಲ ಎಂದು ಅವನ ಗೆಳೆಯ, ತತ್ವಶಾಸ್ತ್ರಜ್ಞ ಫೈರಾಬೆಂಡ್ ಲಕಾಟೋಶ್‌ನನ್ನು ಇದೇ ವಿಷಯಕ್ಕೆ ಛೇಡಿಸುತ್ತಿದ್ದ. ಇಂದು ಬತ್ತಿದ ಪರಂಪರೆ ನಾಳೆ ಚಿಗುರಬಹುದು.

ಶಾಲ್ಮಲಿ:
ಗಡುವಿಲ್ಲ, ನಿಜ. ನಾಳೆ ಚಿಗುರಬಹುದು ಎಂದು ಇಂದು ಬರಡಾಗಿರುವುದನ್ನು ಹಸಿರು ಎಂದು ಕರೆಯಬೇಕಾಗಿಲ್ಲ.

ಚಾಂಪಿಯನ್‌ರೀಫ್:
ಯುರೋಪಿನ ಆಕಾಶದಿಂದ ಸ್ವಲ್ಪ ಕೆಳಗೆ ಇಳಿಯಿರಿ, ಎರಡು ಕಿಲೋಮೀಟರ್‌ಗೂ ಹೆಚ್ಚು ಕೆಳಗೆ. ನಾನು ಕೆಜಿಎಫ್‌ನವನು.

ನಮ್ಮ ಚಿನ್ನದ ಗಣಿಯ ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ದಶಕಗಳ ಕಾಲ ಪ್ರಯೋಗ ಮಾಡಿದ್ದಾರೆ. ಮೇಲಿನ ಬಂಡೆ ಕಾಸ್ಮಿಕ್ ಕಿರಣಗಳನ್ನು ತಡೆಯುತ್ತದೆ, ಕೆಳಗೆ ನಿಶ್ಶಬ್ದ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು, ಬಂಡೆಯನ್ನೂ ದಾಟಿ ಬರುವ ಅತಿ ಸೂಕ್ಷ್ಮ ಕಣಗಳು, 1965ರಲ್ಲಿ ಮೊದಲ ಬಾರಿ ಸಿಕ್ಕಿದ್ದು ಇಲ್ಲಿ ಮತ್ತು ಅದೇ ವರ್ಷ ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ. ಈ ಚರ್ಚೆಗೆ ಬೇಕಾದದ್ದು ಆಮೇಲಿನದು. 1974ರಲ್ಲಿ ಭೌತಶಾಸ್ತ್ರಜ್ಞರಾದ ಜಾರ್ಜಿ ಮತ್ತು ಗ್ಲಾಶೊ ಪ್ರೋಟಾನ್ ಕೂಡ ಎಂದಾದರೂ ಒಡೆಯುತ್ತದೆ ಎಂಬ ಸಿದ್ಧಾಂತ ಮುಂದಿಟ್ಟರು. ಅದನ್ನು ಹುಡುಕಲು ಭಾರತ ಮತ್ತು ಜಪಾನ್ ತಂಡ 1980ರ ಹೊತ್ತಿಗೆ 140 ಟನ್ನಿನ ಕಬ್ಬಿಣದ ಪತ್ತೆಯಂತ್ರವನ್ನು ಗಣಿಯೊಳಗೆ ಇಳಿಸಿತು. ಪ್ರೋಟಾನ್ ಒಡೆದಿರಬಹುದಾದ ಕೆಲವು ಘಟನೆಗಳು ಕಂಡಿವೆ ಎಂದು ತಂಡ ಪ್ರಕಟಿಸಿತು. ಅಮೆರಿಕದ ಮತ್ತು ಜಪಾನಿನ ಬಹಳ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅಂಥದ್ದು ಆ ಪ್ರಮಾಣದಲ್ಲಿ ಕಾಣಲಿಲ್ಲ. ನ್ಯೂಟ್ರಿನೊ ಡಿಕ್ಕಿಯೂ ಅಂಥದೇ ಗುರುತು ಬಿಡಬಲ್ಲದು.

ಈಗ ಹೇಳಿ, ಯಾವುದು ಬಿತ್ತು? ಜಾರ್ಜಿ ಮತ್ತು ಗ್ಲಾಶೊ ಅವರ ಸರಳ ರೂಪ ಬಿತ್ತು. ವಿದ್ಯುತ್ಕಾಂತೀಯ, ದುರ್ಬಲ ಮತ್ತು ಪ್ರಬಲ ಎಂಬ ಮೂರು ಬಲಗಳು ಮೂಲದಲ್ಲಿ ಒಂದೇ ಎಂಬ ಹಿರಿಯ ಆಸೆ ಬೀಳಲಿಲ್ಲ, ಪ್ರೋಟಾನಿನ ಆಯುಸ್ಸನ್ನು ಹೆಚ್ಚಿಸಿಕೊಂಡು ಹೊಸ ರೂಪಗಳು ಬಂದವು. ಆ ಆಯುಸ್ಸು ಕನಿಷ್ಠ ಇಷ್ಟಿರಬೇಕು ಎಂಬ ಮಿತಿ ಇಂದು 10ರ ಘಾತ 34 ವರ್ಷ ದಾಟಿದೆ, ಆಸೆ ಇನ್ನೂ ಇದೆ. ಇದು ಮುಂದೆ ಹೋಗುವುದೋ ನಿಂತಲ್ಲೇ ತೇಪೆ ಹಚ್ಚುವುದೋ?

ಲೆಕ್ಕದಮನೆ:
ಅತ್ಯುತ್ತಮ ಉದಾಹರಣೆ. ಜಪಾನಿನ ಆ ತೊಟ್ಟಿ ಪ್ರೋಟಾನ್ ಒಡೆಯುವುದನ್ನು ಕಾಣಲಿಲ್ಲ, ಆದರೆ 1987ರ ಫೆಬ್ರುವರಿ 23ರಂದು ಸೂಪರ್‌ನೋವಾದ ನ್ಯೂಟ್ರಿನೊಗಳನ್ನು ಹಿಡಿಯಿತು. ಬ್ರಾಡ್ಲಿಯ ಕಥೆಯೇ ಮತ್ತೆ.

ಬೀದಿದೀಪ:
ಕೆಜಿಎಫ್‌ನಲ್ಲಿ ಇನ್ನೂ ಆ ಪ್ರಯೋಗಾಲಯ ನೋಡಲು ಬಿಡುತ್ತಾರೆಯೇ? ಮಕ್ಕಳನ್ನು ಕರೆದುಕೊಂಡು ಹೋಗಬೇಕು.

ಚಾಂಪಿಯನ್‌ರೀಫ್:
ಗಣಿ 2001ರಲ್ಲಿ ಮುಚ್ಚಿತು. ಕೆಳಗೆಲ್ಲ ನೀರು ತುಂಬಿದೆ. ಮೇಲೆ ಸಯನೈಡ್ ಗುಡ್ಡಗಳಿವೆ. ಮಕ್ಕಳಿಗೆ ಸಿನಿಮಾದವರು ಬಂದು ಹೋಗುವ ಗುಡ್ಡಗಳು ಎಂದು ಪರಿಚಯಿಸಬೇಕಾಗುತ್ತದೆ.

ನ್ಯಾಯಮಾರ್ಗ:
ಎಲ್ಲರೂ ಪ್ಯಾರಿಸ್, ವಿಯೆನ್ನಾ ಸುತ್ತುತ್ತಿದ್ದೀರಿ. ಇದೆಲ್ಲ ನಮ್ಮ ನ್ಯಾಯಶಾಸ್ತ್ರದಲ್ಲಿ, ಅಂದರೆ ಹಳೆಯ ಭಾರತೀಯ ತರ್ಕದರ್ಶನದಲ್ಲಿ, ಇದೆ.

ನೇರಮಾತು:
ಇದಕ್ಕೇ ಕಾಯುತ್ತಿದ್ದೆ. ವಿಮಾನ ಯಾವಾಗ ಬರುತ್ತದೆ?

ನ್ಯಾಯಮಾರ್ಗ:
ವಿಮಾನವಿಲ್ಲ, ಹೊಗೆ ಇದೆ. ಓದುವ ತಾಳ್ಮೆ ಇದ್ದರೆ ಓದಿ.

"ಬೆಟ್ಟದಲ್ಲಿ ಬೆಂಕಿಯಿದೆ, ಹೊಗೆ ಇರುವುದರಿಂದ." ಇದಕ್ಕೆ ಆಧಾರ ಹೊಗೆ ಇದ್ದಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ವ್ಯಾಪ್ತಿ. ಅದು ನಿಮಗೆ ಹೇಗೆ ಗೊತ್ತು ಎಂದು ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬುವ ಚಾರ್ವಾಕರು ಕೇಳಿದರು. ಕಂಡ ಅಡುಗೆಮನೆಗಳಲ್ಲಿ ಇತ್ತು, ಕಾಣದವುಗಳ ಗತಿ? ಕಾಣದ ಯಾವುದೋ ಉಪಾಧಿ, ಅಂದರೆ ಹೇಳದೆ ಉಳಿದ ಷರತ್ತು, ನಡುವೆ ಕುಳಿತಿರಬಹುದಲ್ಲ? "ಬೆಂಕಿ ಇದ್ದಲ್ಲೆಲ್ಲ ಹೊಗೆ" ಎಂಬುದು ಹೀಗೆಯೇ ಬೀಳುತ್ತದೆ, ಹಸಿ ಸೌದೆ ಎಂಬ ಉಪಾಧಿಯಿಂದ. ಕೆಂಪಗೆ ಕಾದ ಕಬ್ಬಿಣದಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಅನುಭವದ ಆಧಾರದ ಮೇಲೆ ಸಾಮಾನ್ಯ ನಿಯಮಕ್ಕೆ ಹಾರುವುದನ್ನು ಹ್ಯೂಮ್ 1739ರಲ್ಲಿ ಪ್ರಶ್ನಿಸುವುದಕ್ಕೆ ಶತಮಾನಗಳ ಮೊದಲೇ ಈ ಜಗಳ ಕಾವೇರಿತ್ತು.

ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನೈಯಾಯಿಕ (ನ್ಯಾಯಶಾಸ್ತ್ರದ ಪಂಡಿತ) ಉದಯನ ಕೊಟ್ಟ ಉತ್ತರ ಚತುರವಾದದ್ದು. ಮುಂದೆಲ್ಲೋ ನಿಯಮ ತಪ್ಪಬಹುದು ಎಂದು ಶಂಕಿಸುತ್ತೀಯಾದರೆ ಆ ಕಾಣದ ಕಾಲದೇಶಗಳನ್ನು ನೀನು ಅನುಮಾನದಿಂದಲೇ ತಿಳಿದೆ. ಶಂಕೆಯೇ ಇಲ್ಲವಾದರೆ ತಕರಾರೇ ಇಲ್ಲ. ಮತ್ತೆ, ಶಂಕೆಗೆ ಒಂದು ಎಲ್ಲೆ ಇದೆ: ನಿನ್ನ ನಡೆಯೇ ನಿನ್ನ ಶಂಕೆಗೆ ವಿರುದ್ಧವಾಗುವ ಜಾಗ. ಹೊಗೆಗೆ ಬೆಂಕಿ ಕಾರಣವಲ್ಲ ಎನ್ನುವವನು ಹೊಗೆ ಬೇಕಾದಾಗ ಬೆಂಕಿಯನ್ನೇ ಏಕೆ ಹುಡುಕುತ್ತಾನೆ? ಹನ್ನೆರಡನೆಯ ಶತಮಾನದಲ್ಲಿ ಶ್ರೀಹರ್ಷ ಅದೇ ಶ್ಲೋಕವನ್ನು ಕೆಲವೇ ಪದ ಬದಲಿಸಿ ತಿರುಗಿಸಿಬಿಟ್ಟ: ವಿರೋಧ ಇದೆ ಎನ್ನುವುದಾದರೆ ವಿರೋಧಿಸಲು ಶಂಕೆಯೂ ಇರಲೇಬೇಕು, ಹಾಗಿದ್ದ ಮೇಲೆ ಅದು ಶಂಕೆಯನ್ನು ನಿಲ್ಲಿಸುವುದು ಹೇಗೆ? ಅದಕ್ಕೆ ಹದಿನಾಲ್ಕನೆಯ ಶತಮಾನದಲ್ಲಿ ಮಿಥಿಲೆಯ ಗಂಗೇಶ ಉತ್ತರಿಸಿದ. ಗಂಗೇಶನ ಪರಂಪರೆಯಾದ ನವ್ಯನ್ಯಾಯದ ಜೊತೆ ವಿಜಯನಗರದಲ್ಲಿ ಕುಳಿತು ಸಾಲುಸಾಲಾಗಿ ಜಗಳವಾಡಿದವರು ನಮ್ಮ ವ್ಯಾಸತೀರ್ಥರು, ಬನ್ನೂರಿನಲ್ಲಿ ಹುಟ್ಟಿದವರು. ಗ್ರಂಥದ ಹೆಸರೇ 'ತರ್ಕತಾಂಡವ'. ಅವರನ್ನು ದಾಸಸಾಹಿತ್ಯದ ಪಾಠದಲ್ಲಿ ಮಾತ್ರ ನೆನೆಯುತ್ತೇವೆ.

ಶಾಲ್ಮಲಿ:
ಇದು ಚೆನ್ನಾಗಿದೆ. ಆದರೆ "ಇದೆಲ್ಲ ಇದೆ" ಎಂಬ ಮೊದಲ ಸಾಲು ಬೇಕಿರಲಿಲ್ಲ. ಚಾರ್ವಾಕರ ಪ್ರಶ್ನೆ "ಸಾಮಾನ್ಯ ನಿಯಮವನ್ನು ಹೇಗೆ ತಿಳಿದೆ?" ಎಂಬುದು. ದ್ಯುಯೆಮ್‌ನ ಪ್ರಶ್ನೆ "ಸೋತಾಗ ಯಾರನ್ನು ದೂರುವುದು?" ಎಂಬುದು. ನೆರೆಮನೆಯ ಪ್ರಶ್ನೆಗಳು, ಒಂದೇ ಅಲ್ಲ. ವರ್ಷಗಟ್ಟಲೆ ಲೆಕ್ಕ ಹಾಕಿ ಆಕಾಶದ ಒಂದು ಬಿಂದುವಿಗೆ ಬೆರಳು ತೋರಿಸುವ ಅಭ್ಯಾಸ ನೈಯಾಯಿಕರಲ್ಲಿ ಇರಲಿಲ್ಲ.

ನ್ಯಾಯಮಾರ್ಗ:
ಅಭ್ಯಾಸ ನೈಯಾಯಿಕರಲ್ಲಿ ಇರಲಿಲ್ಲ, ಗಣಿತಜ್ಞರಲ್ಲಿ ಇತ್ತು. ಗ್ರಹಣದ ಲೆಕ್ಕ ತಪ್ಪಿದರೆ ಗಣಿತವನ್ನು ತಿದ್ದಬೇಕು ಎಂದು ಕೇರಳದ ಪರಮೇಶ್ವರ, ನೀಲಕಂಠರಂಥವರು ನಡೆದು ತೋರಿಸಿದ್ದಾರೆ. ನೈಯಾಯಿಕರೂ ಗಣಿತಜ್ಞರೂ ಒಂದೇ ಮನೆಯಲ್ಲಿ ಊಟ ಮಾಡಲಿಲ್ಲ ಎಂಬುದು ದುಃಖದ ಸಂಗತಿ, ಒಪ್ಪುತ್ತೇನೆ.

ಅರ್ಧವಿರಾಮ:
ಒಂದು ಹುಚ್ಚು ಪ್ರಶ್ನೆ. ಲೆಕ್ಕದಮನೆಯವರ ಪಟ್ಟಿಯಲ್ಲಿ ನಿಯಮ, ದ್ರವ್ಯರಾಶಿ, ದೂರದರ್ಶಕ ಎಲ್ಲ ಇವೆ. ತರ್ಕವೇ ಏಕಿಲ್ಲ? ಕೆಟ್ಟಿರುವುದು ತರ್ಕವೇ ಆಗಿರಬಾರದೇಕೆ?

ಲೆಕ್ಕದಮನೆ:
ಹುಚ್ಚಲ್ಲ. ಬೇಕಾದರೆ ತರ್ಕದ ನಿಯಮವನ್ನೂ ಬದಲಿಸಬಹುದು ಎಂದು ತತ್ವಶಾಸ್ತ್ರಜ್ಞ ಕ್ವೈನ್ 1951ರಲ್ಲಿ ಬರೆದ. ಎಲೆಕ್ಟ್ರಾನಿನಂಥವುಗಳ ಲೋಕದಲ್ಲಿ "ಅ ಮತ್ತು (ಆ ಅಥವಾ ಇ)" ಎಂಬುದನ್ನು ಬಿಡಿಸಿ ಹಂಚುವ ನಿಯಮ ನಿಲ್ಲುವುದಿಲ್ಲ ಎಂಬ ತರ್ಕವನ್ನು ಗಣಿತಜ್ಞರಾದ ಬಿರ್ಕಾಫ್ ಮತ್ತು ಫಾನ್ ನಾಯ್‌ಮನ್ 1936ರಲ್ಲೇ ಕಟ್ಟಿದ್ದರು. ತರ್ಕವೂ ರೇಖಾಗಣಿತದಂತೆ ಅನುಭವದಿಂದ ತಿದ್ದಲ್ಪಡುತ್ತದೆ ಎಂದು ತತ್ವಶಾಸ್ತ್ರಜ್ಞ ಪಟ್ನಮ್ 1968ರಲ್ಲಿ ವಾದಿಸಿದ, ನಂತರ ಅವನೇ ಹಿಂದೆ ಸರಿದ. ನನ್ನ ತಕರಾರು ಬೇರೆ: ತರ್ಕವನ್ನು ಬದಲಿಸಬೇಕೋ ಬೇಡವೋ ಎಂದು ವಾದಿಸುವಾಗ ಯಾವ ತರ್ಕ ಬಳಸುತ್ತೀರಿ? "ಸಾಕ್ಷ್ಯ ವಿರುದ್ಧವಾಗಿದೆ" ಎಂದು ಹೇಳಲೂ ವಿರೋಧ ಎಂದರೇನು ಎಂಬುದು ಸ್ಥಿರವಾಗಿರಬೇಕಲ್ಲ.

ಅರ್ಧವಿರಾಮ:
ಅಂದರೆ ನ್ಯಾಯಾಧೀಶನನ್ನೇ ಆರೋಪಿಯ ಕಟಕಟೆಗೆ ತಂದರೆ ತೀರ್ಪು ಬರೆಯುವವರು ಯಾರು ಎಂದು?

ಲೆಕ್ಕದಮನೆ:
ಹೌದು. ಲೂಯಿಸ್ ಕ್ಯಾರೊಲ್ 1895ರಲ್ಲಿ ಆಮೆಯ ಬಾಯಲ್ಲಿ ಆಡಿಸಿದ್ದೂ ಇಂಥದೇ ಕಾಟ. ಎರಡು ಆಧಾರಗಳನ್ನು ಒಪ್ಪುವ ಆಮೆ ತೀರ್ಮಾನವನ್ನು ಒಪ್ಪುವುದಿಲ್ಲ. "ಆಧಾರಗಳು ನಿಜವಾದರೆ ತೀರ್ಮಾನ ನಿಜ" ಎಂಬುದನ್ನು ಮೂರನೆಯ ಆಧಾರವಾಗಿ ಬರೆದುಕೊಡು ಎನ್ನುತ್ತದೆ. ಬರೆದುಕೊಟ್ಟರೆ ನಾಲ್ಕನೆಯದು ಬೇಕು. ನಿಯಮವನ್ನು ಎಷ್ಟು ಸಲ ಬರೆದರೂ ಅದರಂತೆ ನಡೆಯುವುದು ಬರೆಯುವುದಕ್ಕಿಂತ ಬೇರೆ ಕೆಲಸ.

ತೋಟದಮನೆ:
ಆಮೆಯನ್ನು ಬಿಡಿ, ಮಳೆ ಬರಲಿ. ಭರಣಿ ಮಳೆ ಸುರಿದರೆ ಧರಣಿ ಬದುಕೀತು ಎಂಬಂಥ ಗಾದೆಗಳನ್ನು ನಮ್ಮಲ್ಲಿ ಇಂದಿಗೂ ನಂಬುತ್ತೇವೆ. ರೋಹಿಣಿ, ಮೃಗಶಿರ, ಆರಿದ್ರ ನೋಡಿಯೇ ಬಿತ್ತನೆ. ನೇರಮಾತು ಅವರ ಲೆಕ್ಕದಲ್ಲಿ ಇದೂ ಮೂಢನಂಬಿಕೆಯೇ?

ಮಂಗಳಗ್ರಹ:
ಅಲ್ಲ. ಮಳೆ ನಕ್ಷತ್ರ ಎಂದರೆ ಸೂರ್ಯ ಆ ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನ. ಅಂದರೆ ಅದು ಸೌರ ಕ್ಯಾಲೆಂಡರ್. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 22ರ ಸುಮಾರಿಗೆ ಆರಿದ್ರ. ಋತು ಸೂರ್ಯನಿಂದ ಆಗುವುದರಿಂದ ಗಾದೆಯಲ್ಲಿ ಹುರುಳಿದೆ, ಮತ್ತು ಗಾದೆ ತಪ್ಪಬಹುದು ಕೂಡ, ಮಳೆಮಾಪಕ ಇಟ್ಟು ನೋಡಿದರೆ ಸಾಕು. ಒಂದು ತಮಾಷೆ ಎಂದರೆ, ಭೂಮಿಯ ಅಕ್ಷದ ಓಲಾಟದಿಂದ ಈ ನಕ್ಷತ್ರಗಳು ಋತುವಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನ ಜಾರುತ್ತವೆ. ಸಾವಿರ ವರ್ಷದ ಗಾದೆಯೊಂದು ಉಳಿದಿದ್ದರೆ ಅದು ಈಗ ಒಂದು ಮಳೆಯಷ್ಟು ಹಿಂದೆಮುಂದೆ ಆಗಿರಬೇಕು.

ತೋಟದಮನೆ:
ಹಾಗಿದ್ದರೂ ನಮ್ಮ ಅಜ್ಜ ತಪ್ಪುತ್ತಿರಲಿಲ್ಲ.

ನೇರಮಾತು:
ಅಜ್ಜಂದಿರು ಯಾರೂ ತಪ್ಪುವುದಿಲ್ಲ. ಅದಿರಲಿ, ಪಂಚಾಂಗಪ್ರಿಯರೇ, ಖಗೋಳವಿಜ್ಞಾನಿ ನಾರ್ಳೀಕರ್ ಪುಣೆಯಲ್ಲಿ ಮಾಡಿದ ಪರೀಕ್ಷೆಗೆ ಏನೆನ್ನುತ್ತೀರಿ? ನೂರು ಬುದ್ಧಿವಂತ ಮಕ್ಕಳ, ನೂರು ಬುದ್ಧಿಮಾಂದ್ಯ ಮಕ್ಕಳ ಜಾತಕ ಬೆರೆಸಿ, ತಲಾ 40 ಜಾತಕ ಕೊಟ್ಟು ಬೇರ್ಪಡಿಸಲು ಹೇಳಿದರು. ಉತ್ತರ ಕಳಿಸಿದ 27 ಜ್ಯೋತಿಷಿಗಳ ಸರಾಸರಿ ಯಶಸ್ಸು ಶೇ. 46. ನಾಣ್ಯ ಚಿಮ್ಮಿದ್ದರೂ 50 ಬರುತ್ತಿತ್ತು.

ಪಂಚಾಂಗಪ್ರಿಯ:
ಲೆಕ್ಕದಮನೆಯವರೇ ಹೇಳಿಕೊಟ್ಟಂತೆ ಹೇಳುತ್ತೇನೆ. ಸೋತದ್ದು ಶಾಸ್ತ್ರವೋ, ಆ 27 ಜನರೋ, ಮಕ್ಕಳ ಜನ್ಮಸಮಯವೋ, ಬುದ್ಧಿಯನ್ನು ಎರಡೇ ಪೆಟ್ಟಿಗೆಗೆ ಹಾಕಿದ ರೀತಿಯೋ? ತರ್ಕ ಬಾಯಿ ಬಿಡುವುದಿಲ್ಲವಲ್ಲ?

ಲೆಕ್ಕದಮನೆ:
ಸರಿಯಾದ ಏಟು. ಉತ್ತರವೂ ಮೊದಲಿನದೇ: ನಾಲ್ಕರಲ್ಲಿ ಒಂದನ್ನು ಆರಿಸಿ, ಆರಿಸಿದ್ದನ್ನು ಪರೀಕ್ಷೆಗೆ ಒಡ್ಡಿ.

ಶಾಲ್ಮಲಿ:
ಜನ್ಮಸಮಯವನ್ನೇ ಆರಿಸೋಣ. ಶೋಧನೆಯಲ್ಲಿ ನೀವು ಮಾಡುವುದು ಮದುವೆ, ಕೆಲಸ, ಅಪಘಾತ ಮುಂತಾದ ಹಿಂದಿನ ಘಟನೆಗಳಿಗೆ ಹೊಂದುವ ಸಮಯ ಹುಡುಕುವುದು. ಹಿಂದಿನದಕ್ಕೆ ಹೊಂದಿಸಿದ್ದು ಹಿಂದಿನದಕ್ಕೆ ಹೊಂದುತ್ತದೆ, ಅದರಲ್ಲಿ ಅಚ್ಚರಿ ಇಲ್ಲ. ಹೀಗೆ ಮಾಡಿ: ಆಸ್ಪತ್ರೆಯ ದಾಖಲೆಯಲ್ಲಿ ನಿಖರ ಸಮಯ ಇರುವವರನ್ನು ಆರಿಸಿ. ಆ ಸಮಯವನ್ನು ಜ್ಯೋತಿಷಿಗೆ ತೋರಿಸಬೇಡಿ, ನಿಜವಾದದ್ದು ಒಳಗಿರುವ ಎರಡು ಗಂಟೆಯ ಅವಧಿ ಮತ್ತು ಜೀವನದ ಘಟನೆಗಳನ್ನು ಮಾತ್ರ ಕೊಡಿ. ಜ್ಯೋತಿಷಿ ಶೋಧಿಸಿದ ಸಮಯವನ್ನು ದಾಖಲೆಯ ಜೊತೆ ಹೋಲಿಸಿ. ಇದು ನಿಮ್ಮ ನೆಪ್ಚೂನ್.

ಪಂಚಾಂಗಪ್ರಿಯ:
ಒಪ್ಪುತ್ತೇನೆ. ನಾನೇ ಮಾಡುತ್ತೇನೆ, ಗೆಳೆಯರಿಬ್ಬರನ್ನೂ ಕರೆಯುತ್ತೇನೆ. ಎಷ್ಟು ನಿಮಿಷದೊಳಗೆ ಬಂದರೆ ಗೆಲುವು?

ಲೆಕ್ಕದಮನೆ:
ಅದನ್ನು ನಿಮ್ಮ ಶಾಸ್ತ್ರವೇ ಹೇಳಲಿ.

ಪಂಚಾಂಗಪ್ರಿಯ:
ನವಾಂಶ ಲಗ್ನ, ಅಂದರೆ ಹುಟ್ಟುವಾಗ ಉದಯಿಸುವ ರಾಶಿಯ ಒಂಬತ್ತನೆಯ ಒಂದು ಭಾಗ, ಸುಮಾರು ಹದಿಮೂರು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಆದ್ದರಿಂದ ಹದಿಮೂರು ನಿಮಿಷ ಹಿಂದೆಮುಂದೆ.

ಲೆಕ್ಕದಮನೆ:
ಎರಡು ಗಂಟೆಯ ಅವಧಿಯಲ್ಲಿ ಕಣ್ಣುಮುಚ್ಚಿ ಊಹಿಸಿದರೂ ಐದರಲ್ಲಿ ಒಂದು ಸಲ ಅಷ್ಟರೊಳಗೆ ಬೀಳುತ್ತದೆ. ಆದ್ದರಿಂದ ಐವತ್ತು ಜನರಲ್ಲಿ ಹತ್ತು ಸರಿಯಾದರೆ ಗೆಲುವಲ್ಲ. ಇಪ್ಪತ್ತು ಎಂದು ಇಡೋಣವೇ?

ಪಂಚಾಂಗಪ್ರಿಯ:
ಇಪ್ಪತ್ತು ಸರಿ. ಆದರೆ ಆಸ್ಪತ್ರೆಯ ಗಡಿಯಾರ ಸರಿಯಿತ್ತು ಎಂದು ಯಾರು ಹೇಳಬೇಕು? ಹೆರಿಗೆ ಕೋಣೆಯಲ್ಲಿ ಮೊದಲು ಮಗುವನ್ನು ನೋಡುತ್ತಾರೆ, ಆಮೇಲೆ ಗೋಡೆಯನ್ನು.

ನೇರಮಾತು:
ನೋಡಿದಿರಾ, ಆಟ ಶುರುವಾಗುವ ಮೊದಲೇ ನೆಪ.

ಶಾಲ್ಮಲಿ:
ಮೊದಲೇ ಹೇಳಿದ್ದರಿಂದ ಅದು ನೆಪವಲ್ಲ, ಆಮೇಲೆ ಹೇಳಿದ್ದರೆ ನೆಪ. ಗಡಿಯಾರದ ದೋಷಕ್ಕೆ ಎಷ್ಟು ಬಿಡೋಣ?

ಪಂಚಾಂಗಪ್ರಿಯ:
ಐದು ನಿಮಿಷ.

ಲೆಕ್ಕದಮನೆ:
ಹಾಗಾದರೆ ಹದಿನೆಂಟು. ಕಣ್ಣುಮುಚ್ಚಿ ಊಹಿಸಿದವನೂ ಈಗ ಐವತ್ತರಲ್ಲಿ ಹದಿನಾಲ್ಕರವರೆಗೆ ಬರುತ್ತಾನೆ, ಆದ್ದರಿಂದ ಇಪ್ಪತ್ತರ ಬದಲು ಇಪ್ಪತ್ತೈದು.

ಪಂಚಾಂಗಪ್ರಿಯ:
ಇಪ್ಪತ್ತಮೂರು.

ಲೆಕ್ಕದಮನೆ:
ಇದು ತರಕಾರಿ ಮಾರುಕಟ್ಟೆಯಲ್ಲ. ಇಪ್ಪತ್ತೈದು.

ಪಂಚಾಂಗಪ್ರಿಯ:
ಆಯಿತು. ಅವಳಿ ಮಕ್ಕಳನ್ನು ಮಾತ್ರ ಸೇರಿಸಬೇಡಿ.